ಎರಡಕ್ಕೂ ಹನ್ನೆರಡಕ್ಕೂ ನಡುವೆ: ಪ್ಲೇಗ್ ಕಾಲದ ಒಂದು ಲೆಕ್ಕ

1897ರ ಜನವರಿ ಕೊನೆಯಲ್ಲಿ ಮುಂಬಯಿಯ ಬೈಕಲಾ ಜೈಲಿನೊಳಗೆ ಪ್ಲೇಗ್ ಹೊಕ್ಕಿತು. ಊರಿಗೆ ಊರೇ ಗುಳೆ ಎದ್ದು ಹೋಗುತ್ತಿದ್ದ ಕಾಲ ಅದು. ಹಿಂದಿನ ಸೆಪ್ಟೆಂಬರಿನಲ್ಲಿ ಮಾಂಡವಿ ಬಂದರಿನ ಓಣಿಗಳಲ್ಲಿ ಡಾ. ಅಕೇಸಿಯೊ ವಿಯೆಗಾಸ್ ಈ ರೋಗವನ್ನು ಮೊದಲು ಗುರುತಿಸಿದ್ದರು. ಜ್ವರ, ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ, ನಾಲ್ಕಾರು ದಿನದಲ್ಲಿ ಸಾವು. ಓಡಿ ಹೋಗುವ ಅನುಕೂಲ ಜೈಲಿನ ಕೈದಿಗಳಿಗೆ ಇರಲಿಲ್ಲ. ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿಗೆ ಬೇಕಾಗಿದ್ದುದೂ ಓಡಿ ಹೋಗದ ಜನವೇ.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಒಡೆಸ್ಸಾದಲ್ಲಿ. ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಕಾಲರಾಕ್ಕೆ ಚುಚ್ಚುಮದ್ದು ತಯಾರಿಸಿ, 1893ರಲ್ಲಿ ಅದನ್ನು ಪರೀಕ್ಷಿಸಲು ಕಲ್ಕತ್ತೆಗೆ ಬಂದಿದ್ದವರನ್ನು ಪ್ಲೇಗಿನ ಸಲುವಾಗಿ ಸರ್ಕಾರ ಮುಂಬಯಿಗೆ ಕರೆಸಿಕೊಂಡಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಕೋಣೆಯಲ್ಲಿ, ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳ ಕೆಳಗೆ ಪ್ಲೇಗಿನ ರೋಗಾಣುಗಳನ್ನು ಬೆಳೆಸಿ, ಆಮೇಲೆ ಕಾಯಿಸಿ ಕೊಂದು ಮದ್ದು ತಯಾರಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ಇಳಿಯಿತು, ಬದುಕಿದರು. ಮದ್ದು ಕೊಲ್ಲುವುದಿಲ್ಲ ಎಂಬುದು ಇದರಿಂದ ಗೊತ್ತಾಯಿತು. ಕಾಯುತ್ತದೆಯೆ ಎಂಬುದು ಗೊತ್ತಾಗಲಿಲ್ಲ. ಅದು ಒಬ್ಬನ ಮೈಯಿಂದ ತಿಳಿಯುವ ಸಂಗತಿಯಲ್ಲ.

ಜನವರಿ 30ರ ಮಧ್ಯಾಹ್ನ ಬೈಕಲಾ ಜೈಲಿನ 154 ಕೈದಿಗಳು ಮುಂದೆ ಬಂದು ಸೂಜಿ ಚುಚ್ಚಿಸಿಕೊಂಡರು. ಉಳಿದವರು ಬೇಡವೆಂದರು. ಎಲ್ಲರದೂ ಅದೇ ಗೋಡೆ, ಅದೇ ಅನ್ನ, ಅದೇ ನೀರು, ಅದೇ ಇಲಿ. ಜೈಲಿನಲ್ಲಿ ಕೈದಿಗಳು ಬಂದು ಹೋಗುತ್ತಲೇ ಇರುತ್ತಾರಾದ್ದರಿಂದ ಹಾಫ್ಕಿನ್ ಸರಾಸರಿ ಲೆಕ್ಕ ಹಿಡಿದರು. ಚುಚ್ಚಿಸಿಕೊಂಡವರು 147; ಅವರಲ್ಲಿ ಮುಂದೆ ಪ್ಲೇಗ್ ತಗುಲಿದ್ದು 2 ಮಂದಿಗೆ, ಸತ್ತವರು ಯಾರೂ ಇಲ್ಲ. ಚುಚ್ಚಿಸಿಕೊಳ್ಳದವರು 172, ಪ್ಲೇಗ್ ತಗುಲಿದ್ದು 12 ಮಂದಿಗೆ, ಸತ್ತವರು 6.

ಒಂದು ಕಡೆ ನೂರಕ್ಕೆ 7, ಇನ್ನೊಂದು ಕಡೆ ನೂರಕ್ಕೆ ಒಂದೂ ಚಿಲ್ಲರೆ. ಮದ್ದು ಫಲಿಸಿತು ಎಂದು ಹೇಳಿಬಿಡಬಹುದೆ?

ಹಾಗೆ ಹೇಳಿದವರೂ ಇದ್ದರು, ತಲೆ ಅಲ್ಲಾಡಿಸಿದವರೂ ಇದ್ದರು. ಮುಂದಿನ ಇಪ್ಪತ್ತೈದು ವರ್ಷ ಸಂಖ್ಯಾಶಾಸ್ತ್ರದ ಘಟಾನುಘಟಿಗಳು ಇಂಥದೇ ಪ್ರಶ್ನೆಯ ಮೇಲೆ ಜಗಳವಾಡಿದರು. ಇಂದು ಕಾಲೇಜಿನ ಪಠ್ಯಪುಸ್ತಕದಲ್ಲಿ 'ಎರಡು ಪ್ರಮಾಣಗಳ ಹೋಲಿಕೆ' ಎಂಬ ಎರಡು ಪುಟದ ಅಧ್ಯಾಯವಾಗಿ ಮಲಗಿರುವ ವಿಷಯದ ಹಿಂದೆ ಪ್ಲೇಗು, ಕಾಲರಾ, ವಿಷಮಶೀತಜ್ವರಗಳ ಸಾವಿನ ಪಟ್ಟಿಗಳಿವೆ. ಅವುಗಳಲ್ಲಿ ಬಹಳಷ್ಟು ನಮ್ಮ ದೇಶದವು.

ಚೀಟಿ ಎತ್ತಿದರೆ

ಸಂದೇಹಪಡುವವನ ವಾದ ಹೀಗೆ. ಮದ್ದು ಬರೀ ನೀರೆಂದೇ ಇಟ್ಟುಕೊಳ್ಳೋಣ. ಜೈಲಿನಲ್ಲಿ ಹೇಗೂ 14 ಮಂದಿಗೆ ಪ್ಲೇಗ್ ತಗುಲಲಿತ್ತು. ಆ 14 ಮಂದಿ ಯಾರು ಎಂಬುದು ಅದೃಷ್ಟದ ಮಾತು. 319 ಹೆಸರುಗಳ ಚೀಟಿ ಬರೆದು ಗಡಿಗೆಯಲ್ಲಿ ಹಾಕಿ, ಕಣ್ಣು ಮುಚ್ಚಿ 14 ಎತ್ತಿದಂತೆ. ಚುಚ್ಚಿಸಿಕೊಂಡವರ ಚೀಟಿ 147 ಇರುವುದರಿಂದ 14ರಲ್ಲಿ ಆರೋ ಏಳೋ ಅವರ ಪಾಲಿಗೆ ಬರಬೇಕು. ಬಂದದ್ದು ಎರಡು. ಆದರೆ ಚೀಟಿ ಎತ್ತುವಾಗ ಇಂಥ ಏರುಪೇರು ಆಗುವುದೇ ಇಲ್ಲವೆ? ಇಸ್ಪೀಟಿನಲ್ಲಿ ಒಬ್ಬನ ಕೈಗೇ ಮೂರು ರಾಜ ಬರುವುದಿಲ್ಲವೆ?

ಈ ವಾದವನ್ನು ಕೂಗಿ ಸೋಲಿಸುವಂತಿಲ್ಲ, ಲೆಕ್ಕ ಹಾಕಿಯೇ ಸೋಲಿಸಬೇಕು. 'ಮದ್ದಿನಿಂದ ಏನೂ ಆಗಿಲ್ಲ' ಎಂಬ ಎದುರಾಳಿಯ ಮಾತನ್ನೇ ಕ್ಷಣಕಾಲ ನಿಜವೆಂದು ಒಪ್ಪಬೇಕು. ಸಂಖ್ಯಾಶಾಸ್ತ್ರಜ್ಞರು ಇದನ್ನು ಶೂನ್ಯ ಊಹೆ ಎನ್ನುತ್ತಾರೆ. ಅದು ನಿಜವಾದರೆ ಈಗ ಕಂಡಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಏರುಪೇರು ಎಷ್ಟು ಸಲಕ್ಕೊಮ್ಮೆ ಬಂದೀತು ಎಂದು ಎಣಿಸಬೇಕು. ತುಂಬಾ ಅಪರೂಪ ಎಂದಾದರೆ ಆ ಊಹೆಯನ್ನು ಕೈಬಿಡಬೇಕು.

ಸಾವಿನ ಲೆಕ್ಕ ಇಲ್ಲಿ ಸುಲಭ, ಯಾರು ಬೇಕಾದರೂ ಹಾಕಬಹುದು. ಸತ್ತವರು ಆರು ಮಂದಿ, ಆರೂ ಚುಚ್ಚಿಸಿಕೊಳ್ಳದವರು. ಮದ್ದಿಗೆ ಬೆಲೆಯೇ ಇಲ್ಲದಿದ್ದರೆ ಪ್ರತಿಯೊಂದು ಸಾವೂ ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದ ಹಾಗೆ ಆ ಕಡೆಗೋ ಈ ಕಡೆಗೋ ಬೀಳಬೇಕಿತ್ತು. ಆರೂ ಸಲ ನಾಣ್ಯ ಒಂದೇ ಮಗ್ಗುಲಿಗೆ ಬೀಳುವುದು 64ಕ್ಕೆ ಒಂದು ಸಲ. ಚುಚ್ಚಿಸಿಕೊಳ್ಳದವರ ಸಂಖ್ಯೆ ಕೊಂಚ ಹೆಚ್ಚಿದ್ದುದರಿಂದ ಇಲ್ಲಿ ಅದು ನೂರಕ್ಕೆ ಎರಡೂವರೆಯಷ್ಟಾಗುತ್ತದೆ.

ರೋಗ ತಗುಲಿದವರ ಲೆಕ್ಕಕ್ಕೆ ಪಠ್ಯಪುಸ್ತಕದ ಸೂತ್ರ ಬೇಕು. ಎರಡು ಪ್ರಮಾಣಗಳ ವ್ಯತ್ಯಾಸ ನೂರಕ್ಕೆ 5.6. ಕೇವಲ ಆಕಸ್ಮಿಕದಿಂದ ಈ ವ್ಯತ್ಯಾಸ ಎಷ್ಟು ತೂಗಾಡಬಹುದು ಎಂಬುದರ ಅಳತೆ, ಅಂದರೆ ಪ್ರಮಾಣ ದೋಷ, ನೂರಕ್ಕೆ 2.3. ಕಂಡ ವ್ಯತ್ಯಾಸ ಅದರ ಸುಮಾರು 2.4 ಪಟ್ಟು. ಎರಡೂ ದಿಕ್ಕಿನ ಏರುಪೇರನ್ನು ಸೇರಿಸಿದರೆ ಇಷ್ಟು ದೊಡ್ಡ ವ್ಯತ್ಯಾಸ ಬರಿಯ ಆಕಸ್ಮಿಕವಾಗಿ ಬರುವುದು ನೂರಕ್ಕೆ ಒಂದೂವರೆ ಸಲ. ಇಪ್ಪತ್ತಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಗಮನಕ್ಕೆ ಅರ್ಹ ಎಂಬ ವಾಡಿಕೆ 1925ರಲ್ಲಿ ರೊನಾಲ್ಡ್ ಫಿಷರ್ ಬರೆದ ಪುಸ್ತಕದಿಂದ ಹಬ್ಬಿತು. ಆ ಗೆರೆಯನ್ನು ದೇವರು ಎಳೆದದ್ದಲ್ಲ. ಅನುಕೂಲವೆಂದು ಫಿಷರ್ ಎಳೆದರು, ಲೋಕ ಒಪ್ಪಿಕೊಂಡಿತು. ಅದರ ಪ್ರಕಾರ ಬೈಕಲಾದ ಮದ್ದು ಪಾಸಾಯಿತು.

ಆದರೆ ಒಂದು ಸಂಗತಿ ಹೇಳದೆ ಉಳಿದಿದೆ.

ಲೆಕ್ಕ ಶುರುವಾಗುವ ಗಳಿಗೆ

ಅಂದು ಚುಚ್ಚಿಸಿಕೊಂಡ 154 ಮಂದಿಯಲ್ಲಿ ಮೂವರಿಗೆ ಅದೇ ದಿನ ರೋಗದ ಲಕ್ಷಣ ಕಾಣಿಸಿತು. ಮೂವರೂ ಸತ್ತರು. ಸೂಜಿ ಚುಚ್ಚುವ ಹೊತ್ತಿಗೇ ಇವರೊಳಗೆ ರೋಗ ಹೊಕ್ಕಿತ್ತು, ಮದ್ದು ಕೆಲಸ ಮಾಡಲು ಅವಕಾಶವೇ ಇರಲಿಲ್ಲ ಎಂದು ಹಾಫ್ಕಿನ್ ಅವರನ್ನು ಲೆಕ್ಕದಿಂದ ಹೊರಗಿಟ್ಟರು. ವೈದ್ಯನ ದೃಷ್ಟಿಯಿಂದ ಇದು ಸರಿಯಾದ ಮಾತೇ. ಪ್ಲೇಗಿನ ರೋಗಾಣು ಒಳಹೊಕ್ಕು ಗಡ್ಡೆ ಏಳಲು ಕೆಲವು ದಿನ ಬೇಕು.

ಆದರೂ ಆ ಮೂವರನ್ನು ಮತ್ತೆ ಒಳಗೆ ಸೇರಿಸಿ ನೋಡೋಣ. 150ಕ್ಕೆ 5, 172ಕ್ಕೆ 12. ಈಗ ವ್ಯತ್ಯಾಸ ಪ್ರಮಾಣ ದೋಷದ ಒಂದೂವರೆ ಪಟ್ಟಿಗೂ ಕಡಿಮೆ. ಆಕಸ್ಮಿಕವಾಗಿಯೇ ಇಂಥದು ಬರುವ ಸಂಭವ ನೂರಕ್ಕೆ ಹದಿನಾಲ್ಕು ಹದಿನೈದು. ಮದ್ದು ಫೇಲು! ಆರು ಸಾವಿಗೆ ಸೊನ್ನೆ ಎಂಬ ಚಂದದ ಹೋಲಿಕೆಯೂ ಆರಕ್ಕೆ ಮೂರು ಎಂದಾಗಿಬಿಡುತ್ತದೆ. ಜೈಲಿನ ಇಡೀ ತೀರ್ಪು ಮೂರು ಜೀವಗಳ ಮೇಲೆ ತೂಗುತ್ತಿತ್ತು.

ಇಲ್ಲಿ ಹಾಫ್ಕಿನ್ ಮೋಸ ಮಾಡಿದರು ಎನ್ನುವಂತಿಲ್ಲ. ಅವರು ಆ ಮೂವರ ವಿಷಯವನ್ನು ಮುಚ್ಚಿಡಲಿಲ್ಲ, ಬರೆದು ಪ್ರಕಟಿಸಿದರು. ಮೂವರನ್ನು ಬಿಡುವುದಾದರೆ ಅದೇ ಗಳಿಗೆಯಿಂದ ಆಚೆಯ ಸಾಲಿನ ಲೆಕ್ಕವನ್ನೂ ಶುರುಮಾಡಬೇಕು ಎಂಬುದಷ್ಟೇ ನ್ಯಾಯ. ಎಲ್ಲಿಂದ ಎಣಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಬೇಕು ಎಂದು ಇಂದಿನ ಔಷಧ ಪರೀಕ್ಷೆಗಳಲ್ಲಿ ಹಟ ಹಿಡಿಯುವುದು ಇಂಥ ಕಾರಣಕ್ಕೇ.

ಮನೆಯ ಅರ್ಧ

ಬೈಕಲಾದಲ್ಲಿ ಇನ್ನೊಂದು ತೊಡಕೂ ಇತ್ತು. ಚುಚ್ಚಿಸಿಕೊಂಡವರು ತಾವಾಗಿ ಮುಂದೆ ಬಂದವರು. ಮುಂದೆ ಬರುವವನ ಸ್ವಭಾವ ಬೇರೆ, ಹಿಂದೆ ಸರಿಯುವವನ ಸ್ವಭಾವ ಬೇರೆ. ಮೈಯ ಬಗ್ಗೆ ಎಚ್ಚರ ಇರುವವನೇ ಸೂಜಿಗೂ ಒಪ್ಪಿದ್ದರೆ, ಅವನನ್ನು ಕಾಪಾಡಿದ್ದು ಮದ್ದೋ ಎಚ್ಚರವೋ?

ಹಾಫ್ಕಿನ್‌ಗೆ ಇದು ಹೊಳೆಯದೆ ಇರಲಿಲ್ಲ. 1898ರ ಫೆಬ್ರುವರಿಯಲ್ಲಿ ಬರೋಡಾ ಸಂಸ್ಥಾನದ ಉಂಢೇರಾ ಎಂಬ ಹಳ್ಳಿಯಲ್ಲಿ ಪ್ಲೇಗ್ ಇದ್ದಾಗ ಅವರು ಮಾಡಿದ ಏರ್ಪಾಡು, ನನ್ನ ದೃಷ್ಟಿಯಲ್ಲಿ, ಅವರ ಇಡೀ ಜೀವಮಾನದ ಅತ್ಯಂತ ಜಾಣ ಕೆಲಸ. ಊರಿನವರನ್ನು ಮನೆವಾರು ಕರೆದು ನಿಲ್ಲಿಸಿ, ಪ್ರತಿ ಮನೆಯಲ್ಲೂ ಅರ್ಧ ಜನಕ್ಕೆ ಸೂಜಿ, ಅರ್ಧ ಜನಕ್ಕೆ ಇಲ್ಲ. ಗಂಡಸರು, ಹೆಂಗಸರು, ಮಕ್ಕಳು ಎರಡೂ ಕಡೆ ಸರಿಸಮ ಇರುವಂತೆ ಹಂಚಿದರು. ಒಂದೇ ಸೂರು, ಒಂದೇ ಒಲೆ. ಮುಂದಿನ ಆರು ವಾರಗಳಲ್ಲಿ 28 ಮನೆಗಳಿಗೆ ಪ್ಲೇಗ್ ಹೊಕ್ಕಿತು. ಆ ಮನೆಗಳಲ್ಲಿ ಚುಚ್ಚಿಸಿಕೊಂಡವರು 71. ರೋಗ ತಗುಲಿದ್ದು 8 ಮಂದಿಗೆ, ಸತ್ತವರು 3. ಚುಚ್ಚಿಸಿಕೊಳ್ಳದವರು 64, ರೋಗ 27 ಮಂದಿಗೆ, ಸತ್ತವರು 26.

ಸಾವಿನ ಪ್ರಮಾಣ ನೂರಕ್ಕೆ 4, ಮತ್ತು ನೂರಕ್ಕೆ 41. ವ್ಯತ್ಯಾಸ ಪ್ರಮಾಣ ದೋಷದ ಐದು ಪಟ್ಟಿಗಿಂತ ಹೆಚ್ಚು. ಆಕಸ್ಮಿಕದಿಂದ ಇಂಥದು ಬರುವ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಇಲ್ಲಿ ಎರಡು ಮೂರು ಹೆಸರುಗಳನ್ನು ಆಚೀಚೆ ಮಾಡಿದರೂ ತೀರ್ಪು ಅಲ್ಲಾಡುವುದಿಲ್ಲ. ಜೈಲಿನಲ್ಲಿ 319 ಮಂದಿಯಿಂದ ಬಗೆಹರಿಯದ ಸಂಗತಿ ಹಳ್ಳಿಯ 135 ಮಂದಿಯಿಂದ ಬಗೆಹರಿಯಿತು. ಸಂಖ್ಯೆ ದೊಡ್ಡದಿದ್ದರೆ ಮಾತ್ರ ಸತ್ಯ ಸಿಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಸೂಜಿ ಹಾಕಿ ಹೋದ ಮನೆಗಳೂ ಉಂಢೇರಾದಲ್ಲಿ ಇದ್ದಿರಬೇಕು. 26 ಸಾವುಗಳು ಹೋಲಿಕೆಗೆಂದು ಬಿಟ್ಟ ಅರ್ಧದವು. ಆ ಅರ್ಧವನ್ನು ಬಿಡದಿದ್ದರೆ ಮದ್ದಿನ ಮೇಲೆ ಯಾರಿಗೂ ನಂಬಿಕೆ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ದಿಟ. ಔಷಧ ಪರೀಕ್ಷೆಯ ಈ ಸಂಕಟಕ್ಕೆ ಇಂದಿಗೂ ಪೂರ್ತಿ ಪರಿಹಾರ ಸಿಕ್ಕಿಲ್ಲ.

ಹುಬ್ಬಳ್ಳಿಯ ಕರಗುವ ಲೆಕ್ಕ

ಅದೇ 1898ರಲ್ಲಿ ಪ್ಲೇಗ್ ನಮ್ಮ ಕಡೆಗೆ ತಿರುಗಿತು. ಬೆಂಗಳೂರಿಗೆ ಆಗಸ್ಟಿನಲ್ಲಿ ಕಾಲಿಟ್ಟಿತು. ಅಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗ್ ಮಾರಿಯಮ್ಮ ಆ ದಿನಗಳ ನೆನಪು. ಅದಕ್ಕೂ ಮೊದಲೇ ಧಾರವಾಡ ಜಿಲ್ಲೆಯ ಹುಬ್ಬಳ್ಳಿ ಸಿಕ್ಕಿಬಿದ್ದಿತ್ತು. ಹತ್ತಿ ವ್ಯಾಪಾರದ ಊರು, ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆ ಇದ್ದ ಊರು. ರೈಲಿನೊಂದಿಗೆ ಇಲಿಯೂ ಬಂದಿರಬೇಕು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಆ ಸೀಮೆಯ ಜನಕ್ಕೆ ಮುಂದೆ ಹಲವು ವರ್ಷಗಳ ರೂಢಿಯಾಯಿತು.

ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯರು 1898ರ ಮೇ ತಿಂಗಳಿಂದ ಹಾಫ್ಕಿನ್ ಮದ್ದನ್ನು ದೊಡ್ಡ ಪ್ರಮಾಣದಲ್ಲಿ ಕೊಡಲು ಆರಂಭಿಸಿದರು. ಮುಂಬಯಿ, ಪುಣೆಗಳಲ್ಲಿ ಪ್ಲೇಗ್ ಅಧಿಕಾರಿಗಳ ಮೇಲೆ ಜನ ಸಿಡಿದೆದ್ದಿದ್ದ ದಿನಗಳವು. ಪುಣೆಯ ಪ್ಲೇಗ್ ಕಮಿಷನರ್ ರ್‍ಯಾಂಡ್ ಅವರ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಥದರಲ್ಲಿ ಹುಬ್ಬಳ್ಳಿಯ ಬಹುಪಾಲು ಜನ ತೋಳೊಡ್ಡಿದರು. ಲ್ಯೂಮನ್ ವಾರ ವಾರವೂ ಚುಚ್ಚಿಸಿಕೊಂಡವರ, ಚುಚ್ಚಿಸಿಕೊಳ್ಳದವರ ಸಾವುಗಳನ್ನು ಬೇರೆ ಬೇರೆ ಬರೆದಿಟ್ಟರು. ಚುಚ್ಚಿಸಿಕೊಂಡವರ ಸಾವು ತೀರ ಕಡಿಮೆ ಇತ್ತು. ಹಾಫ್ಕಿನ್ ಪಕ್ಷದವರಿಗೆ ಹುಬ್ಬಳ್ಳಿ ದೊಡ್ಡ ಸಾಕ್ಷಿಯಾಯಿತು.

ಆದರೆ ಜೈಲಿನ ಸಾಲು ನಿಂತಲ್ಲೇ ನಿಂತಿರುತ್ತದೆ, ಊರಿನ ಸಾಲು ಕರಗುತ್ತಿರುತ್ತದೆ. ಇಂದು ಚುಚ್ಚಿಸಿಕೊಳ್ಳದವನು ನಾಳೆ ಚುಚ್ಚಿಸಿಕೊಂಡು ಆಚೆಯ ಸಾಲಿಗೆ ಹೋಗುತ್ತಾನೆ. ನಾಡಿದ್ದು ಇನ್ನೊಬ್ಬ ಗಂಟುಮೂಟೆ ಕಟ್ಟಿ ಊರನ್ನೇ ಬಿಡುತ್ತಾನೆ. ಚುಚ್ಚಿಸಿಕೊಂಡವರ ಹೆಸರು ರಿಜಿಸ್ಟರಿನಲ್ಲಿದೆ. ಚುಚ್ಚಿಸಿಕೊಳ್ಳದವರು ಎಷ್ಟು? ಊರಿನ ಒಟ್ಟು ಜನಸಂಖ್ಯೆಯಲ್ಲಿ ಕಳೆದು ಉಳಿದದ್ದು. ಒಟ್ಟು ಸಂಖ್ಯೆಯೇ ಅಂದಾಜು. ಉದಾಹರಣೆಗೆ, ನೂರು ಸಾವನ್ನು ಎರಡು ಸಾವಿರ ಜನಕ್ಕೆ ಹಂಚಿದರೆ ನೂರಕ್ಕೆ 5. ಆ ಎರಡು ಸಾವಿರದಲ್ಲಿ ಊರಲ್ಲಿ ಉಳಿದದ್ದು ಸಾವಿರವೇ ಆದರೆ ನೂರಕ್ಕೆ 10. ಸತ್ತವರನ್ನು ತಪ್ಪಿಲ್ಲದೆ ಎಣಿಸಿದರೂ ಭಾಜಕ ತಪ್ಪಿದರೆ ಪ್ರಮಾಣ ತಪ್ಪುತ್ತದೆ. ಜೊತೆಗೆ, ಸೂಜಿ ಹಾಕಿಸಿಕೊಳ್ಳಲು ನಡೆದು ಬಂದವನು ಅಂದಿನ ಮಟ್ಟಿಗೆ ಗಟ್ಟಿಮುಟ್ಟಾಗಿದ್ದವನು. ಜ್ವರ ಬಂದು ಮಲಗಿದವನು ತಾನಾಗಿಯೇ 'ಚುಚ್ಚಿಸಿಕೊಳ್ಳದವರ' ಪಟ್ಟಿಗೆ ಸೇರಿಬಿಡುತ್ತಾನೆ.

ಇದನ್ನೆಲ್ಲ ತೂಗಿ ನೋಡಲು ಸರ್ಕಾರ 1898ರ ಕೊನೆಯಲ್ಲಿ ಪ್ರೊಫೆಸರ್ ಫ್ರೇಸರ್ ಅಧ್ಯಕ್ಷತೆಯಲ್ಲಿ ಪ್ಲೇಗ್ ಆಯೋಗ ನೇಮಿಸಿತು. ಆಯೋಗ ಎಲ್ಲ ಕಡೆಯ ಅಂಕಿಗಳನ್ನು ಜರಡಿ ಹಿಡಿಯಿತು, ಅವುಗಳ ನಿಖರತೆಯ ಬಗ್ಗೆ ಅಪಸ್ವರ ತೆಗೆಯಿತು. ಕೊನೆಗೆ ಮದ್ದಿನಿಂದ ರೋಗವೂ ಸಾವೂ ಗಮನಾರ್ಹವಾಗಿ ಕಡಿಮೆಯಾಗುತ್ತವೆ, ರಕ್ಷಣೆ ಮಾತ್ರ ಪೂರ್ಣವಲ್ಲ ಎಂಬ ತೀರ್ಮಾನಕ್ಕೆ ಬಂತು. ಹುಬ್ಬಳ್ಳಿಯಂಥ ದೊಡ್ಡ ಊರಿನ ಅಂಕಿಗಿಂತ ಉಂಢೇರಾದಂಥ ಚಿಕ್ಕ ಹಳ್ಳಿಯ ಅಂಕಿಯನ್ನೇ ನಾನಾದರೆ ಹೆಚ್ಚು ನಂಬುತ್ತೇನೆ.

ಹತ್ತೊಂಬತ್ತಕ್ಕೆ ಹತ್ತೊಂಬತ್ತು

ಲೆಕ್ಕವೇ ಬೇಡದಂಥ ಹೋಲಿಕೆಯೂ ಒಂದು ಇದೆ. ಹಾಫ್ಕಿನ್ ಬಾಳನ್ನು ಕೆಡಿಸಿದ್ದು ಅದೇ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಗ್ರಾಮದಲ್ಲಿ 107 ಮಂದಿಗೆ ಐದು ಬಾಟಲಿಗಳಿಂದ ಮದ್ದು ಕೊಟ್ಟರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಯೂ ಒಂದೇ ಬಾಟಲಿಯವರು. ಆ ಬಾಟಲಿಯಿಂದ ಚುಚ್ಚಿಸಿಕೊಂಡ ಒಬ್ಬನೂ ಉಳಿಯಲಿಲ್ಲ. ಮಿಕ್ಕ ನಾಲ್ಕು ಬಾಟಲಿಗಳ 88 ಮಂದಿಯಲ್ಲಿ ಒಬ್ಬನೂ ಸಾಯಲಿಲ್ಲ. ಇದು ಆಕಸ್ಮಿಕವೆ ಎಂದು ಯಾವ ಮೂಢನೂ ಕೇಳಲಾರ.

ತಪ್ಪು ಬಾಟಲಿಯಲ್ಲಿದೆ ಎಂದು ಸಂಖ್ಯೆಗಳು ಹೇಳಿದವು. ಬಾಟಲಿಯೊಳಗೆ ವಿಷ ಎಲ್ಲಿ ಹೊಕ್ಕಿತು? ಮುಂಬಯಿಯ ಪ್ರಯೋಗಾಲಯದಲ್ಲೋ, ಮುಲ್ಕೊವಾಲಿನ ಬಯಲಲ್ಲೋ? ಅದನ್ನು ಸಂಖ್ಯೆಗಳು ಹೇಳಲಿಲ್ಲ, ಹೇಳಲಾರವು. ವಿಚಾರಣಾ ಸಮಿತಿ ಪ್ರಯೋಗಾಲಯದ ಕಡೆ ಬೆರಳು ತೋರಿತು. ಹಾಫ್ಕಿನ್ ಹುದ್ದೆ ಹೋಯಿತು. ಬಾಟಲಿಯ ಬಿರಡೆ ತೆಗೆಯುವ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು ಎಂಬ ವಿವರಕ್ಕೆ ಸಲ್ಲಬೇಕಾದ ಬೆಲೆ ಸಲ್ಲಲು ನಾಲ್ಕೈದು ವರ್ಷ ಬೇಕಾಯಿತು. 1907ರಲ್ಲಿ ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮೊದಲಾದ ಹತ್ತು ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದ ಮೇಲೆ ಅವರು ಕಳಂಕಮುಕ್ತರಾದರು. ಅವರು ಕಟ್ಟಿದ ಪರೇಲಿನ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್ಕಿನ್ ಸಂಸ್ಥೆ ಎಂದು ಹೆಸರಾಯಿತು.

ಒಬ್ಬರು ಬಿಟ್ಟು ಒಬ್ಬರು

ಇತ್ತ ಇಂಗ್ಲೆಂಡಿನಲ್ಲಿ ಸಂಖ್ಯಾಶಾಸ್ತ್ರಜ್ಞರು ಚುಚ್ಚುಮದ್ದಿನ ಅಂಕಿಗಳಿಗೆ ಕೈ ಹಾಕಿದ್ದರು. ಪ್ಲೇಗ್ ಆಯೋಗದ ಸದಸ್ಯರೇ ಆಗಿದ್ದ ಆಲ್ಮ್ರೋತ್ ರೈಟ್, ವಿಷಮಶೀತಜ್ವರದ ಮದ್ದನ್ನು ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ಮೇಲೆ ಪ್ರಯೋಗಿಸಿದ್ದರು. ಆ ಅಂಕಿಗಳು 1904ರಲ್ಲಿ ಕಾರ್ಲ್ ಪಿಯರ್‌ಸನ್ ಕೈಗೆ ಬಂದವು. ಪಿಯರ್‌ಸನ್ ಆ ಕಾಲದ ಸಂಖ್ಯಾಶಾಸ್ತ್ರದ ದೊರೆ. ಕಂಡ ಎಣಿಕೆಗೂ ನಿರೀಕ್ಷಿತ ಎಣಿಕೆಗೂ ಇರುವ ಅಂತರವನ್ನು ಒಂದೇ ಸಂಖ್ಯೆಯಲ್ಲಿ ಹಿಡಿದಿಡುವ 'ಕೈ-ವರ್ಗ'ವನ್ನು 1900ರಲ್ಲಿ ಕೊಟ್ಟವರು. ಮದ್ದಿನಿಂದ ಉಪಯೋಗ ಕಾಣುತ್ತದೆ, ಆದರೆ ಅದು ಸಣ್ಣದು, ಊರಿಂದೂರಿಗೆ ಬೇರೆ ಬೇರೆ, ಸೈನ್ಯಕ್ಕೆಲ್ಲ ಕೊಡಲು ಇಷ್ಟು ಸಾಕ್ಷ್ಯ ಸಾಲದು ಎಂದರು ಪಿಯರ್‌ಸನ್. ರೈಟ್ ಕೆಂಡವಾದರು. ಪತ್ರಿಕೆಯಲ್ಲಿ ಇಬ್ಬರ ಜಟಾಪಟಿ ನಡೆಯಿತು.

ಜಗಳದ ನಡುವೆ ಪಿಯರ್‌ಸನ್ ಕೊಟ್ಟ ಒಂದು ಸಲಹೆ ಚಿನ್ನದಂಥದು. ಒಪ್ಪಿ ಮುಂದೆ ಬಂದ ಸಿಪಾಯಿಗಳ ಪಟ್ಟಿ ಮಾಡಿ, ಅವರಲ್ಲೇ ಒಬ್ಬರು ಬಿಟ್ಟು ಒಬ್ಬರಿಗೆ ಮದ್ದು ಕೊಡಿ ಎಂದರು. ಒಪ್ಪಿದವರನ್ನು ಒಪ್ಪಿದವರೊಂದಿಗೇ ಹೋಲಿಸಬೇಕು, ಒಪ್ಪದವರೊಂದಿಗಲ್ಲ ಎಂಬುದು ತಾತ್ಪರ್ಯ.

ಈ ಮಾತಿನ ಬೆಲೆ ಎಷ್ಟೆಂಬುದು ಕಂಡದ್ದು ಐವತ್ತು ವರ್ಷದ ಮೇಲೆ, 1954ರಲ್ಲಿ ಅಮೆರಿಕೆಯಲ್ಲಿ ಸಾಕ್ ಅವರ ಪೋಲಿಯೊ ಲಸಿಕೆಯ ಪರೀಕ್ಷೆ ನಡೆದಾಗ. ಒಪ್ಪಿದ ತಂದೆತಾಯಿಗಳ ಮಕ್ಕಳಲ್ಲಿ ಸುಮಾರು ಎರಡು ಲಕ್ಷ ಮಕ್ಕಳಿಗೆ ಲಸಿಕೆ, ಎರಡು ಲಕ್ಷಕ್ಕೆ ಬರೀ ಉಪ್ಪುನೀರಿನಂಥ ದ್ರವ. ಯಾರಿಗೆ ಯಾವುದೆಂಬುದು ಚೀಟಿ ಎತ್ತಿದಂತೆ. ಪೋಲಿಯೊ ಬಂದದ್ದು ಲಸಿಕೆಯವರಲ್ಲಿ ಲಕ್ಷಕ್ಕೆ 28, ಉಪ್ಪುನೀರಿನವರಲ್ಲಿ ಲಕ್ಷಕ್ಕೆ 71. ಒಪ್ಪದವರ ಮಕ್ಕಳಲ್ಲಿ? ಲಕ್ಷಕ್ಕೆ 46. ಲಸಿಕೆ ಇಲ್ಲದ ಇಬ್ಬರಲ್ಲೇ ಇಷ್ಟು ಅಂತರ! ಒಪ್ಪಿದವರು ಹೆಚ್ಚಾಗಿ ಅನುಕೂಲಸ್ಥರು. ಚೊಕ್ಕಟದ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಎಳವೆಯಲ್ಲಿ ಪೋಲಿಯೊ ಸೋಂಕು ತಗುಲಿ ನಿರೋಧಶಕ್ತಿ ಬಂದಿರುವುದಿಲ್ಲವಾದ್ದರಿಂದ ಅವರಿಗೇ ರೋಗದ ಭಯ ಹೆಚ್ಚು. ಒಪ್ಪಿದವರನ್ನು ಒಪ್ಪದವರೊಂದಿಗೆ ಹೋಲಿಸಿದ್ದರೆ ಲಸಿಕೆಯ ಗುಣದಲ್ಲಿ ಅರ್ಧಕ್ಕಿಂತ ಹೆಚ್ಚು ಮರೆಯಾಗುತ್ತಿತ್ತು.

ಇಂಥ ಬಲೆಗೆ ಹಳೆಯ ಉದಾಹರಣೆ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಅವರದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅವರು ಪ್ಯಾರಿಸ್ ಮತ್ತು ಲಂಡನ್ ನಗರಗಳಲ್ಲಿ ಗಂಡು ಶಿಶುಗಳ ಪ್ರಮಾಣವನ್ನು ಹೋಲಿಸಿದರು. ಪ್ಯಾರಿಸ್ಸಿನದು ಕಡಿಮೆ, ಅದು ಆಕಸ್ಮಿಕವಲ್ಲವೆಂದು ಲೆಕ್ಕ ಖಂಡಿತವಾಗಿ ಹೇಳಿತು. ಹಾಗಾದರೆ ಪ್ಯಾರಿಸ್ಸಿನ ಹವೆಯ ಗುಣವೆ? ಅಲ್ಲ. ಸುತ್ತಲಿನ ಹಳ್ಳಿಗರು ಗಂಡು ಕೂಸನ್ನು ಮನೆಯಲ್ಲಿ ಇಟ್ಟುಕೊಂಡು ಹೆಣ್ಣು ಕೂಸುಗಳನ್ನು ಹೆಚ್ಚಾಗಿ ತಂದು ಪ್ಯಾರಿಸ್ಸಿನ ಅನಾಥ ಶಿಶುಗಳ ಆಸ್ಪತ್ರೆಯಲ್ಲಿ ಬಿಡುತ್ತಿದ್ದರು. ಅವೂ ಊರಿನ ಲೆಕ್ಕದಲ್ಲಿ ಸೇರಿದ್ದವು ಎಂದು ಲಾಪ್ಲಾಸ್ ವಿವರಿಸಿದರು.

1915ರಲ್ಲಿ ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್ ಎಂಬ ಇಬ್ಬರು ವಿಷಮಶೀತಜ್ವರ ಮತ್ತು ಕಾಲರಾ ಮದ್ದುಗಳ ಅಂಕಿಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಹೋಲಿಕೆಗೆ ಮೂರು ಷರತ್ತು ಹಾಕಿದರು. (ಮೇಜರ್ ಎಂಬುದು ಅವರ ಪದವಿಯಲ್ಲ, ತಂದೆತಾಯಿ ಇಟ್ಟ ಹೆಸರು.) ಎರಡೂ ಗುಂಪಿನವರು ಮುಖ್ಯವಾದ ಎಲ್ಲ ವಿಷಯಗಳಲ್ಲೂ ಒಂದೇ ತೆರನಾಗಿರಬೇಕು. ರೋಗಕ್ಕೆ ಈಡಾಗುವ ಸಂದರ್ಭ ಇಬ್ಬರಿಗೂ ಸಮನಾಗಿರಬೇಕು. ಒಬ್ಬನಿಗೆ ರೋಗ ಬಂದಿದೆಯೆ ಎಂದು ತೀರ್ಮಾನಿಸುವಾಗ ಅವನು ಚುಚ್ಚಿಸಿಕೊಂಡವನೆ ಎಂಬುದು ಆ ತೀರ್ಮಾನವನ್ನು ಬಾಗಿಸಕೂಡದು. ಮೂರನೆಯದು ಸೂಕ್ಷ್ಮವಾದದ್ದು. ಮದ್ದಿನ ಮೇಲೆ ನಂಬಿಕೆಯಿಟ್ಟ ಡಾಕ್ಟರು ಚುಚ್ಚಿಸಿಕೊಂಡವನ ಜ್ವರ ನೋಡಿ 'ಇದು ಬರಿಯ ಶೀತ' ಎಂದಾನು. ಅದೇ ಜ್ವರ ಚುಚ್ಚಿಸಿಕೊಳ್ಳದವನಿಗೆ ಬಂದರೆ ವಿಷಮಶೀತವೆಂದು ಬರೆದಾನು. ಈ ಮೂರು ಷರತ್ತುಗಳನ್ನು ಹಿಡಿದು ನೋಡಿದರೆ ಬೈಕಲಾ ಒಂದನೆಯದರಲ್ಲಿ ಕುಂಟುತ್ತದೆ, ಹುಬ್ಬಳ್ಳಿ ಒಂದು ಎರಡರಲ್ಲೂ ಕುಂಟುತ್ತದೆ, ಉಂಢೇರಾ ಸಾಕಷ್ಟು ನೆಟ್ಟಗೆ ನಿಲ್ಲುತ್ತದೆ.

ಕಾಳು ಎಸೆದು ನೋಡಿದರು

ಆ ಪ್ರಬಂಧ ಬರೆಯುವಾಗಲೇ ಗ್ರೀನ್‌ವುಡ್ ಮತ್ತು ಯೂಲ್‌ಗೆ ಒಂದು ವಿಚಿತ್ರ ಎದುರಾಯಿತು. ಎರಡು ಪ್ರಮಾಣಗಳ ವ್ಯತ್ಯಾಸವನ್ನು ನೇರವಾಗಿ ಪರೀಕ್ಷಿಸಿದರೆ ಒಂದು ಉತ್ತರ. ಅದೇ ಅಂಕಿಗಳನ್ನು ನಾಲ್ಕು ಮನೆಯ ಕೋಷ್ಟಕದಲ್ಲಿಟ್ಟು ಪಿಯರ್‌ಸನ್‌ರ ಕೈ-ವರ್ಗದಿಂದ ಪರೀಕ್ಷಿಸಿದರೆ ಬೇರೆ ಉತ್ತರ. ಬೈಕಲಾದ ಅಂಕಿಗಳನ್ನೇ ಹಾಕಿ ನೋಡಬಹುದು. ಕೈ-ವರ್ಗದ ಬೆಲೆ ಸುಮಾರು 5.96. ಪಿಯರ್‌ಸನ್ ಹೇಳಿದ ಕ್ರಮದಲ್ಲಿ ಕೋಷ್ಟಕ ನೋಡಿದರೆ ಆಕಸ್ಮಿಕದ ಸಂಭವ ನೂರಕ್ಕೆ 11. ನೇರ ಪರೀಕ್ಷೆಯಲ್ಲಿ ನಾವು ಕಂಡದ್ದು ನೂರಕ್ಕೆ ಒಂದೂವರೆ. ಅವೇ ಕೈದಿಗಳು, ಅದೇ ಪ್ಲೇಗು. ಒಂದು ವಿಧಾನದಲ್ಲಿ ಮದ್ದು ಪಾಸು, ಇನ್ನೊಂದರಲ್ಲಿ ಫೇಲು.

ಗಂಟನ್ನು ಬಿಚ್ಚಿದ್ದು 1922ರಲ್ಲಿ, ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಮೂವತ್ತೆರಡರ ಫಿಷರ್. ಕೋಷ್ಟಕದಲ್ಲಿ ಮನೆಗಳು ನಾಲ್ಕಿವೆ ನಿಜ. ಪಿಯರ್‌ಸನ್ ಅವುಗಳಲ್ಲಿ ಮೂರು ಸ್ವತಂತ್ರ ಎಂದು ಎಣಿಸುತ್ತಿದ್ದರು. ಫಿಷರ್ ಹೇಳಿದ್ದು, ಒಂದೇ ಸ್ವತಂತ್ರ. ಹೇಗೆಂದರೆ, ಚುಚ್ಚಿಸಿಕೊಂಡವರು 147, ಒಟ್ಟು 319, ರೋಗ ಬಂದವರು 14 ಎಂಬುದು ಮೊದಲೇ ಗೊತ್ತು. ಚುಚ್ಚಿಸಿಕೊಂಡು ರೋಗ ಬಂದವರು 2 ಎಂದು ಒಂದು ಮನೆ ತುಂಬಿದ ಕೂಡಲೆ ಉಳಿದ 12, 145, 160 ತಾವಾಗಿಯೇ ತುಂಬಿಕೊಳ್ಳುತ್ತವೆ. ಅವುಗಳಿಗೆ ಬೇರೆ ದಾರಿಯೇ ಇಲ್ಲ. ಒಂದೇ ಸ್ವಾತಂತ್ರ್ಯವೆಂದು ಕೋಷ್ಟಕ ನೋಡಿದರೆ 11 ಮಾಯವಾಗಿ ಒಂದೂವರೆಯೇ ಬರುತ್ತದೆ. ಎರಡು ಪರೀಕ್ಷೆಗಳೂ ಒಂದೇ ಪರೀಕ್ಷೆ!

ಪಿಯರ್‌ಸನ್ ಒಪ್ಪಲಿಲ್ಲ. ಗಾಳಿಯಂತ್ರದ ಮೇಲೆ ಯುದ್ಧಕ್ಕೆ ಹೊರಟ ಡಾನ್ ಕ್ವಿಕ್ಸೋಟನಿಗೆ ಫಿಷರ್ ಅವರನ್ನು ಹೋಲಿಸಿ ಅಚ್ಚಿನಲ್ಲೇ ಮೂದಲಿಸಿದರು. ಯೂಲ್ ಮಾತಿಗಿಂತ ಪ್ರಯೋಗವನ್ನು ನಂಬಿದವರು. ಗಾಣದಂತೆ ತಿರುಗುವ ದುಂಡನೆಯ ತಟ್ಟೆಯಲ್ಲಿ ಖಾನೆಗಳನ್ನು ಮಾಡಿ, ಅದರ ಮೇಲೆ ಕಾಳು ಎಸೆಯುತ್ತ, ಬಿದ್ದ ಕಾಳುಗಳನ್ನು ಎಣಿಸುತ್ತ ಅದೇ 1922ರಲ್ಲಿ 350 ನಾಲ್ಕು ಮನೆಯ ಕೋಷ್ಟಕಗಳನ್ನು ಮಾಡಿದರು. ಕಾಳುಗಳು ಫಿಷರ್ ಪಕ್ಷ ಹಿಡಿದವು. ನಾಲ್ಕು ವರ್ಷದ ಮೇಲೆ ಫಿಷರ್ ಇನ್ನೊಂದು ಏಟು ಕೊಟ್ಟರು. ಬೇರೆ ಉದ್ದೇಶಕ್ಕೆಂದು ತಯಾರಾಗಿದ್ದ ಹನ್ನೆರಡು ಸಾವಿರದಷ್ಟು ಕೋಷ್ಟಕಗಳಲ್ಲಿ ಕೈ-ವರ್ಗದ ಸರಾಸರಿ ತೆಗೆದರು. ಪಿಯರ್‌ಸನ್ ಸರಿಯಾಗಿದ್ದರೆ 3 ಬರಬೇಕು, ಫಿಷರ್ ಸರಿಯಾಗಿದ್ದರೆ 1. ಬಂದದ್ದು 1, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಆ ಕೋಷ್ಟಕಗಳನ್ನು ತಯಾರಿಸಿದ್ದವರು ಪಿಯರ್‌ಸನ್‌ರ ಮಗ ಈಗನ್ ಪಿಯರ್‌ಸನ್! ಈಗನ್ ಮುಂದೆ ನೇಮನ್ ಜೊತೆ ಸೇರಿ, ಇಂಥ ಪರೀಕ್ಷೆಗಳಲ್ಲಿ ಆಗಬಹುದಾದ ತಪ್ಪುಗಳು ಎರಡು ಬಗೆ ಎಂದು ವಿಂಗಡಿಸಿದರು. ಕೆಲಸಕ್ಕೆ ಬಾರದ ಮದ್ದನ್ನು ಒಳ್ಳೆಯದೆನ್ನುವುದು ಒಂದು, ಒಳ್ಳೆಯ ಮದ್ದನ್ನು ಕೆಲಸಕ್ಕೆ ಬಾರದ್ದೆನ್ನುವುದು ಇನ್ನೊಂದು. ಪ್ಲೇಗಿನ ಊರಿನಲ್ಲಿ ಎರಡನೆಯದರ ಬೆಲೆ ಏನೆಂದು ಉಂಢೇರಾದ ಆ 64 ಮಂದಿಯನ್ನು ನೋಡಿದರೆ ತಿಳಿಯುತ್ತದೆ.

ಈ ಕಥೆಗೆ ಕನ್ನಡ ನಾಡಿನ ಇನ್ನೊಂದು ಎಳೆಯೂ ಇದೆ. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್, ಕಲ್ಕತ್ತೆಯಲ್ಲಿ ಮಹಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸೇರಿ, ಕೇಂಬ್ರಿಜ್‌ನಲ್ಲಿ ಫಿಷರ್ ಅವರ ಬಳಿಯೇ ಸಂಶೋಧನೆ ಮಾಡಿದರು. ಎದುರಾಳಿಯ ಊಹೆ ನಿಜವೆಂದು ಇಟ್ಟುಕೊಂಡೇ ಅದನ್ನು ಪರೀಕ್ಷಿಸುವ ಸಾಮಾನ್ಯ ವಿಧಾನವೊಂದನ್ನು ಅವರು 1948ರಲ್ಲಿ ಪ್ರಕಟಿಸಿದರು. ಸಂಖ್ಯಾಶಾಸ್ತ್ರಜ್ಞರಿಗೆ ಅದು ರಾವ್ ಅವರ ಸ್ಕೋರ್ ಪರೀಕ್ಷೆ ಎಂದು ಪರಿಚಿತ. ಎರಡು ಗುಂಪುಗಳನ್ನು ಕಲಸಿ, 319ಕ್ಕೆ 14 ಎಂಬ ಒಂದೇ ಪ್ರಮಾಣ ಹಿಡಿದು ನಾವು ಮೇಲೆ ಬೈಕಲಾಕ್ಕೆ ಹಾಕಿದ ಲೆಕ್ಕ ಆ ವಿಧಾನದ ಅತ್ಯಂತ ಸರಳ ರೂಪ. 2023ರ ಆಗಸ್ಟಿನಲ್ಲಿ, ನೂರೆರಡು ತುಂಬಿ ನೂರಮೂರರ ಅಂಚಿನಲ್ಲಿದ್ದಾಗ, ರಾವ್ ಅಮೆರಿಕೆಯಲ್ಲಿ ತೀರಿಕೊಂಡರು.